ಮೈಸೂರಿನಲ್ಲೊಂದು ದನಿಯ ಮನೆ

ಮೈಸೂರಿಗೆ ಬರುವವರೆಲ್ಲ ಕಣ್ಣಿಗೇ ಕೆಲಸ ಕೊಡುತ್ತಾರೆ. ಅರಮನೆಯ ದೀಪ, ಬೆಟ್ಟದ ನಂದಿ, ಮೃಗಾಲಯದ ಜಿರಾಫೆ ನೋಡಿ, ಅರ್ಧ ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ರೈಲು ಹತ್ತುತ್ತಾರೆ. ಈ ಊರಿಗೆ ಕಿವಿ ಕೊಟ್ಟವರು ಕಡಿಮೆ. ಒಮ್ಮೆ ಬೆಳಗಿನ ಹೊತ್ತು ದೇವರಾಜ ಮಾರುಕಟ್ಟೆಯೊಳಗೆ ಹೋಗಿ ಸುಮ್ಮನೆ ಕಣ್ಣು ಮುಚ್ಚಿ ನಿಂತುಕೊಳ್ಳಿ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೂಗುವ ಹೆಂಗಸಿನ ಎಳೆದನಿ ಒಂದು ಕಡೆ, ಬಾಳೆಹಣ್ಣಿನವನ ಕಂಚಿನ ಕಂಠ ಇನ್ನೊಂದು ಕಡೆ, ವೀಳ್ಯದೆಲೆಯ ಮುದುಕನ ಒಡಕು ದನಿ ಮತ್ತೊಂದು ಕಡೆ. ತಕ್ಕಡಿ, ಬುಟ್ಟಿ, ಬಂಡವಾಳ ಇವೆಲ್ಲ ಆಮೇಲಿನ ಮಾತು. ಇವರ ಅಂಗಡಿ ನಡೆಯುತ್ತಿರುವುದೇ ಗಂಟಲಿನ ಮೇಲೆ.

ದನಿಗೂ ಈ ಊರಿಗೂ ಹಳೆಯ ನಂಟು ಎಂದರೆ ತಪ್ಪಾಗದು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಬಾನುಲಿ ಕೇಂದ್ರ ನಡೆಸಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ತನ್ನದಾಗಿಸಿಕೊಂಡಿತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ಶುರುವಾದದ್ದೂ ಇಲ್ಲೇ. ಇವೆರಡರ ನಡುವಿನ ಕಾಲದಲ್ಲಿ ಮೈಸೂರಿಗೆ ಬಂದ ಇನ್ನೊಂದು ಸಂಸ್ಥೆ ಪ್ರವಾಸಿಗಳ ಪಟ್ಟಿಯಲ್ಲಿ ಇಲ್ಲ. ಅದು ದನಿ ಕೆಟ್ಟವರು, ಮಾತು ಬಾರದವರು, ಕಿವಿ ಕೇಳದವರು ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆಟೋದವರಿಗೆ ಇಷ್ಟುದ್ದದ ಹೆಸರು ಬೇಡ. ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಸಾಕು.

ರೈಲು ನಿಲ್ದಾಣದಿಂದ ಹುಣಸೂರು ರಸ್ತೆ ಹಿಡಿದು, ಕಲಾಮಂದಿರ ದಾಟಿ, ಕುಕ್ಕರಹಳ್ಳಿ ಕೆರೆಯ ಗಾಳಿ ಕುಡಿದು, ಮಾನಸಗಂಗೋತ್ರಿಯನ್ನು ಬಳಸಿ ಹೋದರೆ ಬೋಗಾದಿ ರಸ್ತೆಯ ಕಡೆ ಸಂಸ್ಥೆಯ ಆವರಣ ಸಿಗುತ್ತದೆ. ಮರಗಳ ನೆರಳು ಧಾರಾಳ. 1965ರಲ್ಲಿ ಹುಟ್ಟಿದ ಈ ಸಂಸ್ಥೆಯ ಕಟ್ಟಡಕ್ಕೆ 1966ರ ಜುಲೈ 25ರಂದು ಅಡಿಗಲ್ಲು ಹಾಕಿದವರು ಆಗಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್. ಒಂದು ಕಾಲಕ್ಕೆ ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟರಾಗಿದ್ದವರು ಅವರು. ಗಂಟಲು ನಂಬಿ ಬದುಕಿದ ಮೇಷ್ಟರ ಕೈಯಿಂದ ಇಂಥ ಸಂಸ್ಥೆಗೆ ಕಲ್ಲು ಬಿದ್ದದ್ದು ಒಪ್ಪುವ ಮಾತೇ.

ಅತ್ತಿಗೆಯ ಗಂಟಲು

ನಾನು ಅಲ್ಲಿಗೆ ಹೋದದ್ದು ನಮ್ಮ ಅತ್ತಿಗೆಯ ಜೊತೆ. ಅತ್ತಿಗೆ ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಇಪ್ಪತ್ತೆರಡು ವರ್ಷದ ಸರ್ವೀಸು. ಎರಡು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ. ಮಾಡು ತಗಡಿನದು. ಮಳೆ ಹೊಡೆದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಆ ವರ್ಷ ಜೂನ್‌ನಲ್ಲಿ ಶಾಲೆ ತೆರೆದ ಹದಿನೈದು ದಿನಕ್ಕೆ ಗಂಟಲು ಕಟ್ಟಿತು. ಶೀತ ಅಂದುಕೊಂಡರು. ಜೇಷ್ಠಮಧು ಚಪ್ಪರಿಸಿದರು, ಮೆಣಸಿನ ಕಷಾಯ ಕುಡಿದರು, ಹಾಲಿಗೆ ಅರಿಶಿನ ಬೆರೆಸಿಕೊಂಡರು. ಊರಿನ ಡಾಕ್ಟರೊಬ್ಬರು ಮೂರು ಸಲ ಬೇರೆ ಬೇರೆ ಮಾತ್ರೆ ಬರೆದುಕೊಟ್ಟರು. ದಸರಾ ರಜೆಯಲ್ಲಿ ಸ್ವಲ್ಪ ತಿಳಿಯಾದ ದನಿ ಶಾಲೆ ಶುರುವಾದ ಮೂರನೇ ದಿನಕ್ಕೆ ಮತ್ತೆ ಕೂತಿತು. ಡಿಸೆಂಬರ್ ಹೊತ್ತಿಗೆ ಅವರ ಮಾತು ಮರಳುಕಾಗದ ಉಜ್ಜಿದ ಹಾಗೆ ಕೇಳುತ್ತಿತ್ತು.

ನಮ್ಮ ಕಡೆ ಯಾರ ಮನೆಯ ಮದುವೆಯಾದರೂ ಸೋಬಾನೆಗೆ ಅತ್ತಿಗೆಯೇ ಮುಂದು. ಆ ವರ್ಷ ಅವರು ಚಪ್ಪರದ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ‘ಇನ್ನು ಕೆಲಸ ಬಿಟ್ಟುಬಿಡ್ತೀನಿ, ಸ್ವಯಂ ನಿವೃತ್ತಿಗೆ ಅರ್ಜಿ ಹಾಕ್ತೀನಿ’ ಎಂದು ಅಣ್ಣನ ಹತ್ತಿರ ಹೇಳಿದ್ದರಂತೆ. ಮಗಳಿಗೆ ಓದು ಬಾಕಿ, ಮನೆಯ ಸಾಲ ಬಾಕಿ. ಆಗ ಅವರ ಶಾಲೆಯ ಮುಖ್ಯ ಶಿಕ್ಷಕಿಯೇ, ‘ಮೊದಲು ಮೈಸೂರಿಗೆ ಹೋಗಿ ತೋರಿಸ್ಕೊಂಡು ಬನ್ನಿ’ ಎಂದು ಗದರಿ ಕಳಿಸಿದರು. ಬೆಳಗಿನ ರೈಲಿಗೆ ಹೊರಟು, ಕೃಷ್ಣರಾಜನಗರ ದಾಟಿ ಮೈಸೂರು ಮುಟ್ಟುವವರೆಗೂ ಅತ್ತಿಗೆ ಒಂದು ಮಾತೂ ಆಡಲಿಲ್ಲ. ಆಡಿದರೆ ಪಕ್ಕದವರು ತಿರುಗಿ ನೋಡುತ್ತಾರೆಂಬ ಸಂಕೋಚ.

ಕನ್ನಡಿ ತೋರಿಸಿದ ಗುಟ್ಟು

ದನಿ ಹುಟ್ಟುವ ಜಾಗವನ್ನು ಬದುಕಿರುವ ಮನುಷ್ಯನಲ್ಲಿ ಕಣ್ಣಾರೆ ನೋಡುವುದು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಕಷ್ಟಸಾಧ್ಯವಾಗಿತ್ತು. ಆ ದಾರಿ ತೆರೆದವನು ವೈದ್ಯನಲ್ಲ, ಒಬ್ಬ ಸಂಗೀತದ ಮೇಷ್ಟರು. ಸ್ಪೇನ್ ಮೂಲದ ಮಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ಪ್ಯಾರಿಸ್ಸಿನಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜಿನಲ್ಲಿ ಬಿಸಿಲು ಥಳಕ್ಕೆಂದಿತಂತೆ. ಕೂಡಲೇ ಹೋಗಿ ಹಲ್ಲಿನ ವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಕೊಂಡು, ಬಾಯೊಳಗೆ ಹಿಂದಕ್ಕೆ ಹಿಡಿದು, ಇನ್ನೊಂದು ಕೈಗನ್ನಡಿಯಿಂದ ಬಿಸಿಲು ಹಾಯಿಸಿ ತನ್ನ ಧ್ವನಿಪೆಟ್ಟಿಗೆಯನ್ನು ತಾನೇ ನೋಡಿಕೊಂಡ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಹೋಯಿತು. ಗಾರ್ಸಿಯಾ ನೂರೊಂದು ವರ್ಷ ಬಾಳಿದ.

ಇಂದು ಆ ಕನ್ನಡಿಯ ಮೊಮ್ಮಗನಂಥ ಸಾಧನ ಗಂಟಲಿಗೆ ಇಳಿಯುತ್ತದೆ. ಮೂಗಿನಿಂದಲೋ ಬಾಯಿಂದಲೋ ತೂರುವ ಸಣ್ಣ ನಳಿಗೆ, ತುದಿಯಲ್ಲಿ ಕ್ಯಾಮೆರಾ, ಎದುರಿಗೆ ಟೀವಿ ಪರದೆ. ಎರಡು ನಿಮಿಷದ ಕೆಲಸ. ಹೊಟ್ಟೆ ತೊಳಸಿದಂತಾಗುತ್ತದೆ, ಅಷ್ಟೇ. ಪರದೆಯ ಮೇಲೆ ಕಾಣುವುದು ಮುತ್ತಿನ ಬಣ್ಣದ ಎರಡು ಪುಟ್ಟ ಮಡಿಕೆಗಳು. ಇವೇ ಧ್ವನಿತಂತುಗಳು. ತಂತು ಎಂದರೆ ವೀಣೆಯ ತಂತಿಯಂತೆ ಎಂದುಕೊಳ್ಳಬೇಡಿ. ಅವು ಶ್ವಾಸನಾಳದ ನೆತ್ತಿಯಲ್ಲಿರುವ ಎರಡು ಮೆತ್ತನೆಯ ತುಟಿಗಳ ಹಾಗೆ. ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಉಸಿರಾಡುವಾಗ ತೆರೆದುಕೊಳ್ಳುತ್ತವೆ, ಮಾತಾಡುವಾಗ ಕೂಡಿಕೊಳ್ಳುತ್ತವೆ. ಕೆಳಗಿನಿಂದ ಬರುವ ಉಸಿರು ಅವನ್ನು ಸೀಳಿಕೊಂಡು ಹೊರಡುವಾಗ ಅದುರುತ್ತವೆ. ಗಂಡಸಿನಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸಿನಲ್ಲಿ 200ರ ಆಸುಪಾಸು.

ಇಷ್ಟು ವೇಗದ ಅದುರಾಟ ಬರಿಗಣ್ಣಿಗೆ ಹಿಡಿಯದು. ಅದಕ್ಕೇ ಮಿಣುಕುವ ಬೆಳಕಿನ ಉಪಾಯವಿದೆ. ಅದುರುವ ವೇಗಕ್ಕೂ ಬೆಳಕು ಮಿಣುಕುವ ವೇಗಕ್ಕೂ ಕೂದಲೆಳೆಯ ವ್ಯತ್ಯಾಸ ಇಟ್ಟರೆ ಧ್ವನಿತಂತುಗಳು ನಿಧಾನವಾಗಿ ಅಲೆಯಾಡಿದಂತೆ ಪರದೆಯ ಮೇಲೆ ಕಾಣುತ್ತದೆ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ನಿಧಾನಕ್ಕೆ ತಿರುಗಿದಂತೆ ಕಾಣುವುದಿಲ್ಲವೆ, ಹಾಗೆ. ಇದನ್ನು ಸ್ಟ್ರೋಬೋಸ್ಕೋಪಿ ಎನ್ನುತ್ತಾರೆ.

ಅತ್ತಿಗೆಯ ಎರಡೂ ಧ್ವನಿತಂತುಗಳ ಅಂಚಿನಲ್ಲಿ ಎದುರುಬದುರಾಗಿ ಒಂದೊಂದು ಸಾಸಿವೆಯಂಥ ಉಬ್ಬು ಕಂಡಿತು. ಅವು ಎದ್ದು ನಿಂತಿದ್ದರಿಂದ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಲ್ಲಿ ಗಾಳಿ ಸೋರಿ ದನಿ ಹರಕಲಾಗಿತ್ತು. ಗಾಬರಿಯಿಂದ ಅತ್ತಿಗೆ ಬೆವತುಹೋದರು. ವೈದ್ಯರು ತಮ್ಮ ಅಂಗೈ ಚಾಚಿ ತೋರಿಸುತ್ತ, ‘ಗುದ್ದಲಿ ಹಿಡಿದವರ ಕೈ ಜಡ್ಡುಗಟ್ಟಲ್ವಾ ಟೀಚರ್, ಇದೂ ಅದೇ. ಕ್ಯಾನ್ಸರ್ ಅಲ್ಲ’ ಎಂದರು. ಲೆಕ್ಕ ಹಾಕಿ ನೋಡಿ. ದಿನಕ್ಕೆ ಎಲ್ಲ ಸೇರಿ ಒಂದೇ ಒಂದು ಗಂಟೆ ದನಿ ಹೊರಟರೂ ಹೆಂಗಸಿನ ಧ್ವನಿತಂತುಗಳು ಏಳು ಲಕ್ಷ ಸಲ ಒಂದಕ್ಕೊಂದು ಬಡಿಯುತ್ತವೆ. ಕಿರುಚಿದಷ್ಟೂ ಬಡಿತ ಜೋರು. ಜಡ್ಡುಗಟ್ಟದೆ ಇನ್ನೇನಾದೀತು?

ಹಾಲು, ಹೂವು, ಹಣ್ಣು

ಆಪರೇಷನ್ ಮಾಡಿ ತೆಗೆದುಬಿಡಿ ಎಂದು ಅತ್ತಿಗೆ ಕೇಳಿದರು. ಈ ಬಗೆಯ ಗಂಟಿಗೆ ಮೊದಲ ಮದ್ದು ಕತ್ತರಿಯಲ್ಲ, ಅಭ್ಯಾಸ. ಕತ್ತರಿಸಿದರೂ ಮಾತಾಡುವ ರೀತಿ ಬದಲಾಗದಿದ್ದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಒಂದೇ ಪಕ್ಕದಲ್ಲಿ ಬೆಳೆಯುವ ಪಾಲಿಪ್‌ನಂಥ ಗುಳ್ಳೆಗೆ, ನೀರುಗುಳ್ಳೆಗೆ ಹಲವು ಸಲ ಶಸ್ತ್ರಚಿಕಿತ್ಸೆ ಬೇಕಾದೀತು. ಸೂಕ್ಷ್ಮದರ್ಶಕ ಹಿಡಿದು ಬಾಯಿಯ ಮೂಲಕವೇ ಮಾಡುವುದರಿಂದ ಹೊರಗೆ ಗಾಯದ ಗುರುತೂ ಇರುವುದಿಲ್ಲ. ಆದರೆ ಅದರ ನಂತರವೂ ದನಿಯ ಪಾಠ ತಪ್ಪಿದ್ದಲ್ಲ.

ಇಪ್ಪತ್ತೆರಡು ವರ್ಷ ಪಾಠ ಹೇಳಿದವರು ಹೀಗೆ ಮಗಳ ವಯಸ್ಸಿನ ಹುಡುಗಿಯೊಬ್ಬಳ ಎದುರು ಪಾಠಕ್ಕೆ ಕೂತರು. ಮೊದಲು ಉಸಿರು. ಭುಜ ಎತ್ತಿ ಎದೆಯಿಂದ ಎಳೆಯುವ ಉಸಿರಲ್ಲ, ಹೊಟ್ಟೆ ಉಬ್ಬುವ ಉಸಿರು. ಆಮೇಲೆ ತುಟಿ ಮುಚ್ಚಿ ‘ಮ್’ ಎಂದು ಗುನುಗುವುದು. ಮೂಗಿನ ಮೇಲೆ, ತುಟಿಯ ಮೇಲೆ ಜುಮ್ಮೆನ್ನಬೇಕು. ಅದನ್ನೇ ಹಿಡಿದುಕೊಂಡು ‘ಅಮ್ಮ, ಮಾಮ, ಮನೆ’. ಎಳನೀರಿನ ಸ್ಟ್ರಾ ಒಂದನ್ನು ನೀರಿನ ಲೋಟದಲ್ಲಿ ಅದ್ದಿ, ಗುಳುಗುಳು ಗುಳ್ಳೆ ಎಬ್ಬಿಸುತ್ತ ‘ಊ’ ಎನ್ನುವುದು ಇನ್ನೊಂದು. ಮಕ್ಕಳಾಟದಂತೆ ಕಾಣುವ ಇದರಲ್ಲಿ ವಿಜ್ಞಾನವಿದೆ. ಬಾಯಿಯ ದಾರಿ ಕಿರಿದಾದಾಗ ಒಳಗಿನ ಗಾಳಿಯ ಒತ್ತಡ ಧ್ವನಿತಂತುಗಳಿಗೆ ದಿಂಬಿನಂತೆ ಒದಗಿ, ಬಡಿತ ಮೆತ್ತಗಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಹಕಾರದ ಪಾಠ. ಸ್ವರದಿಂದ ಶುರುವಾಗುವ ಮಾತನ್ನು ಸಿಟ್ಟಿನಲ್ಲಿ ಆಡಿ ನೋಡಿ, ‘ಏಯ್!’, ‘ಎದ್ದೇಳು!’ ಎಂದು. ಬಾಗಿಲು ದಡಕ್ಕನೆ ಹಾಕಿದಂತೆ ಧ್ವನಿತಂತುಗಳು ಬಡಿದುಕೊಳ್ಳುತ್ತವೆ. ‘ಹ’ ಎಂದಾಗ ಉಸಿರು ಮೊದಲು ಹೊರಟು, ಅವು ಮೆಲ್ಲಗೆ ಕೂಡುತ್ತವೆ. ಹೀಗಾಗಿ ಹಾಲು, ಹೂವು, ಹಣ್ಣು, ಹಸಿರು ಎಂದು ಹೇಳಿಸಿದರು. ನಮ್ಮ ಕಡೆಯವರಿಗೆ ಹಕಾರ ಬಾಯಿಗೆ ಬರುವುದು ಅಪರೂಪ. ಅತ್ತಿಗೆ ‘ಆಲು’ ಎಂದರು, ಹುಡುಗಿ ನಕ್ಕಳು, ಅತ್ತಿಗೆಯೂ ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದು. ಹಳಗನ್ನಡದ ಪಾಲು ನಡುವೆ ಹಾಲಾಗಿ ಈಗ ಆಲಾಗಿದೆ, ಟೀಚರ್ ಮಾತ್ರ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು ಎಂದೆ ನಾನು.

ಮನೆಗೆ ಕೊಟ್ಟ ಬುದ್ಧಿಮಾತುಗಳು ಸರಳ. ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯುವುದು. ಕುಡಿದ ನೀರು ನೇರವಾಗಿ ಧ್ವನಿತಂತುವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನೆತ್ತಿಗೆ ಹತ್ತೀತು. ಮೈಗೆ ನೀರು ಸಾಕಷ್ಟಿದ್ದರೆ ಅವುಗಳ ಮೇಲಿನ ಪಸೆ ಆರುವುದಿಲ್ಲ. ಕಷಾಯ, ಜೇಷ್ಠಮಧು ಗಂಟಲಿಗೆ ಹಿತ, ಬೇಡವೆನ್ನಲಿಲ್ಲ. ಆದರೆ ಗಂಟು ಕರಗಿಸುವ ಕೆಲಸ ಅವುಗಳದಲ್ಲ. ಮಾತುಮಾತಿಗೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಚಾಳಿ ಬಿಡಬೇಕು. ದನಿ ಕೆಟ್ಟಿದೆಯೆಂದು ಪಿಸುಗುಟ್ಟುವುದೂ ಬೇಡ. ಅನೇಕರಲ್ಲಿ ಪಿಸುಮಾತೇ ಗಂಟಲನ್ನು ಹೆಚ್ಚು ಬಿಗಿಸುತ್ತದೆ. ಮೆತ್ತಗೆ, ಹತ್ತಿರ ಹೋಗಿ ಮಾತಾಡಬೇಕು. ತರಗತಿಯಲ್ಲಿ ಗದ್ದಲವಾದರೆ ಕೂಗುವ ಬದಲು ಚಪ್ಪಾಳೆ ತಟ್ಟಬೇಕು, ಇಲ್ಲವೆ ಗಂಟೆ ಬಾರಿಸಬೇಕು.

ಟೀಚರುಗಳ ಕಾಯಿಲೆ

ದನಿ ಕೆಟ್ಟು ಬರುವವರಲ್ಲಿ ಶಿಕ್ಷಕರದು ದೊಡ್ಡ ಪಾಲು. ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ದನಿಯ ತೊಂದರೆ ಅನುಭವಿಸಿದ ಶಿಕ್ಷಕರು ನೂರಕ್ಕೆ 57 ಮಂದಿಗೂ ಹೆಚ್ಚು. ಬೇರೆ ಕೆಲಸದವರಲ್ಲಿ ಅದು 28ರ ಸುತ್ತಮುತ್ತ. ಅಲ್ಲಿನ ತರಗತಿಗೆ ತಗಡಿನ ಮಾಡಿಲ್ಲ, ಎರಡು ತರಗತಿ ಒಟ್ಟಿಗಿಲ್ಲ. ಶಾಲೆಗೆ ಬಿಸಿಯೂಟ, ಕಂಪ್ಯೂಟರ್ ಎಲ್ಲ ಬಂದಿವೆ, ಒಳ್ಳೆಯದೇ. ಟೀಚರ ಕುತ್ತಿಗೆಗೆ ಒಂದು ಸಣ್ಣ ಮೈಕು ಬೇಕೆಂದು ಕೇಳಿದರೆ ಮಾತ್ರ ‘ಭಾಷಣ ಮಾಡ್ತೀರಾ?’ ಎಂದು ನಗುತ್ತಾರೆ. ಭಾಷಣಕಾರರಿಗೆ ತಿಂಗಳಿಗೊಮ್ಮೆ ಒಂದು ಗಂಟೆಯ ಕೆಲಸ. ಟೀಚರಿಗೆ ದಿನಕ್ಕೆ ಐದು ಗಂಟೆ.

ಹೊರಗಿನ ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ತಂದೆ, ಮಗ ಕೂತಿದ್ದರು. ಹುಡುಗನಿಗೆ ಮೀಸೆ ಮೂಡಿತ್ತು, ಕಾಲೇಜು ಓದುತ್ತಿದ್ದ. ಏನು ಕೇಳಿದರೂ ತಲೆಯಾಡಿಸುವುದೇ ಉತ್ತರ. ‘ದನಿ ಒಡೀಲೇ ಇಲ್ಲ ಸಾರ್. ಫೋನ್ ಎತ್ತಿದ್ರೆ ಅಮ್ಮಾ ಅಂತಾರೆ. ಕಾಲೇಜಿಗೇ ಹೋಗಲ್ಲ ಅಂತಾನೆ’ ಎಂದರು ತಂದೆ. ಹದಿಮೂರು ಹದಿನಾಲ್ಕರಲ್ಲಿ ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗಿ ದನಿ ಗಡುಸಾಗುವುದು ವಾಡಿಕೆ. ಕೆಲವರಲ್ಲಿ ಪೆಟ್ಟಿಗೆ ಬೆಳೆದರೂ ಹಳೆಯ ಎಳೆದನಿಯ ಅಭ್ಯಾಸ ಉಳಿದುಬಿಡುತ್ತದೆ. ಗಂಡಸುತನಕ್ಕೂ ಇದಕ್ಕೂ ಸಂಬಂಧ ಕಟ್ಟಿ ಹಂಗಿಸುವುದು ಬರೀ ಅಜ್ಞಾನ. ಹುಡುಗನಿಂದ ಕೆಮ್ಮಿಸಿ, ಗುನುಗಿಸಿ, ಗಂಟಲಮಣಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಒಳಗೇ ಇರುವ ಗಡಸುದನಿಯನ್ನು ಹೊರಡಿಸುತ್ತಾರೆ. ಹಲವರಿಗೆ ಮೊದಲ ಒಂದೆರಡು ಸಲದಲ್ಲೇ ಆ ದನಿ ಕೇಳಿಸುತ್ತದೆ. ಅದು ತನ್ನದೇ ಎಂದು ಒಪ್ಪಿಕೊಂಡು ಮನೆಯಲ್ಲಿ, ಗೆಳೆಯರೆದುರು ಬಳಸುವುದಕ್ಕೆ ಇನ್ನಷ್ಟು ದಿನ ಬೇಕು. ಅಭ್ಯಾಸಕ್ಕೆ ಬಗ್ಗದ ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಇದೆ.

ಮೂರು ವಾರದ ಗಡುವು

ಅತ್ತಿಗೆಯ ಗಂಟಲಲ್ಲಿ ಕಂಡದ್ದು ಜಡ್ಡು. ಎಲ್ಲರ ಗಂಟಲಲ್ಲೂ ಅದೇ ಇರುತ್ತದೆ ಎನ್ನಲಾಗದು. ಹೊಟ್ಟೆಯ ಹುಳಿ ಮೇಲೇರಿ ಗಂಟಲು ಸುಟ್ಟಿರಬಹುದು. ನರವೊಂದು ಸೋತು ಒಂದು ಕಡೆಯ ಧ್ವನಿತಂತು ಅಲುಗಾಡದೆ ನಿಂತಿರಬಹುದು. ಎಡಗಡೆಯ ಆ ನರದ ದಾರಿ ವಿಚಿತ್ರ. ಕುತ್ತಿಗೆಯಿಂದ ಎದೆಗೂಡಿಗೆ ಇಳಿದು, ಹೃದಯದ ಮೇಲಿನ ದೊಡ್ಡ ರಕ್ತನಾಳವನ್ನು ಬಳಸಿ, ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಥೈರಾಯಿಡ್ ಆಪರೇಷನ್ನಿನ ಪೆಟ್ಟಾಗಲಿ, ಶ್ವಾಸಕೋಶದ ಗಡ್ಡೆಯಾಗಲಿ ಮೊದಲು ದನಿಯಲ್ಲೇ ಕಾಣಿಸಿಕೊಳ್ಳಬಹುದು. ಸೋತ ತಂತುವನ್ನು ಪಕ್ಕದಿಂದ ಒತ್ತಿ ನಡುವಿಗೆ ತರುವ ಶಸ್ತ್ರಚಿಕಿತ್ಸೆಯನ್ನು ಕ್ರಮಬದ್ಧಗೊಳಿಸಿ 1974ರಲ್ಲಿ ಪ್ರಕಟಿಸಿದವರು ಜಪಾನಿನ ಇಶಿಕಿ. ರೋಗಿಗೆ ಎಚ್ಚರವಿರುವಾಗಲೇ ಮಾತಾಡಿಸುತ್ತ, ದನಿ ಸರಿಯಾಯಿತೆ ಎಂದು ಕೇಳಿಸಿಕೊಳ್ಳುತ್ತ ಮಾಡುವ ಕೆಲಸವದು.

ಎಲ್ಲಕ್ಕಿಂತ ಹೆದರಬೇಕಾದದ್ದು ಕ್ಯಾನ್ಸರ್. ಬೀಡಿ, ಸಿಗರೇಟು ಅದರ ಮುಖ್ಯ ಬೇರು, ಜೊತೆಗೆ ಕುಡಿತವೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಆದರೆ ಧ್ವನಿತಂತುವಿನ ಮೇಲೆ ಹುಟ್ಟುವ ಕ್ಯಾನ್ಸರಿನಲ್ಲಿ ಒಂದು ದಯೆಯಿದೆ. ಅದು ಶುರುವಿನಲ್ಲೇ ದನಿ ಕೆಡಿಸಿ ಬಾಗಿಲು ಬಡಿಯುತ್ತದೆ. ಆ ಹಂತದಲ್ಲೇ ಹಿಡಿದರೆ ವಿಕಿರಣದಿಂದಲೋ ಲೇಸರಿನಿಂದಲೋ ನೂರಕ್ಕೆ ತೊಂಬತ್ತರ ಆಸುಪಾಸು ಮಂದಿ ಗುಣವಾಗುತ್ತಾರೆ. ಬಡಿದ ಬಾಗಿಲು ತೆರೆಯದೆ ‘ಬೀಡಿ ಸೇದೋರಿಗೆ ಗಂಟಲು ಹಾಗೇ ಇರುತ್ತೆ ಬಿಡಿ’ ಎಂದು ವರ್ಷ ತಳ್ಳುವವರೇ ಹೆಚ್ಚು. ಶೀತದ ಒಡಕು ಒಂದೆರಡು ವಾರದಲ್ಲಿ ಹೋಗಬೇಕು. ಮೂರು ವಾರವಾದರೂ ಹೋಗದ ದನಿಯ ಒಡಕನ್ನು ಕಿವಿ ಮೂಗು ಗಂಟಲಿನ ವೈದ್ಯರು ಒಳಗೆ ಇಣುಕಿ ನೋಡಲೇಬೇಕು. ಬರೀ ಮಾತ್ರೆ ಬರೆದುಕೊಟ್ಟರೆ ಸಾಲದು. ಜೊತೆಗೆ ಉಸಿರಾಟಕ್ಕೋ ನುಂಗುವುದಕ್ಕೋ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಮೂರು ವಾರವನ್ನೂ ಕಾಯಬಾರದು.

ತಡವಾದವರಲ್ಲಿ ಎಷ್ಟೋ ಮಂದಿ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಳ್ಳುತ್ತಾರೆ. ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ ಉಸಿರು. ಆಮೇಲೆಯೂ ಮಾತಿಗೆ ದಾರಿಗಳಿವೆ. ಕುತ್ತಿಗೆಗೆ ಒತ್ತಿ ಹಿಡಿಯುವ ವಿದ್ಯುತ್ ಉಪಕರಣ ಒಂದು, ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನ ಹಾಗೆ ದನಿ ಹೊರಡಿಸುವುದು ಇನ್ನೊಂದು. ಮೂರನೆಯದು ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಕೂರಿಸುವ ಪುಟ್ಟ ಕವಾಟ. ರಂಧ್ರಕ್ಕೆ ಬೆರಳು ಮುಚ್ಚಿದರೆ ಉಸಿರು ಕವಾಟದಿಂದ ಅನ್ನನಾಳಕ್ಕೆ ಹೊಕ್ಕು, ಗಂಟಲ ಗೋಡೆ ಅದುರಿ ಮಾತಾಗುತ್ತದೆ. ಹೊರದೇಶದ ಕವಾಟಕ್ಕೆ ಸಾವಿರಾರು ರೂಪಾಯಿ, ಅದೂ ಆಗಾಗ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಮತ್ತು ಅವರ ಗೆಳೆಯ, ಉದ್ಯಮಿ ಶಶಾಂಕ್ ಮಹೇಶ್ ಸೇರಿ 2015ರ ಸುಮಾರಿಗೆ ಐವತ್ತು ರೂಪಾಯಿಯ ಕವಾಟ ರೂಪಿಸಿದರು. ಅದಕ್ಕೆ ‘ಓಂ’ ಎಂದು ಹೆಸರಿಟ್ಟರು. ಮಾತು ಬಡವನ ಕೈಗೂ ಎಟುಕಬೇಕು ಎನ್ನುವ ಹಟ ಈ ನೆಲದಲ್ಲೇ ಹುಟ್ಟಿತೆನ್ನುವುದು ಸಣ್ಣ ಸಂಗತಿಯಲ್ಲ.

ಕೆರೆ ಏರಿಯ ಮೇಲೆ

ವಾಕ್ ಶ್ರವಣ ಸಂಸ್ಥೆಯಲ್ಲಿ ಕೆಲಸ ಮುಗಿದ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕುವುದು ನಮಗೆ ರೂಢಿಯಾಯಿತು. ವಾರಕ್ಕೊಮ್ಮೆಯಂತೆ ಹತ್ತು ವಾರ. ಹಕ್ಕಿಗಳು ಗೂಡು ಸೇರುವ ಹೊತ್ತಿನ ಗಲಾಟೆ ಕೇಳಬೇಕು. ಎದುರಿಗೇ ಕಲಾಮಂದಿರದ ಆವರಣದ ರಂಗಾಯಣ. ನಾಟಕದವರು ಕೊನೆಯ ಸಾಲಿನವನಿಗೂ ಮಾತು ಮುಟ್ಟಿಸುತ್ತಾರಲ್ಲ, ಅವರಿಗೆ ಹೇಗೆ ಗಂಟಲು ಉಳಿಯುತ್ತದೆ ಎಂದು ಅತ್ತಿಗೆ ಒಮ್ಮೆ ಕೇಳಿದರು. ಮರುವಾರ ಆ ಪ್ರಶ್ನೆಗೆ ಕಲಿಸುವ ಹುಡುಗಿ ಕೊಟ್ಟ ಉತ್ತರ ಚಿಕ್ಕದು: ‘ಅವರು ಕೂಗೋದಕ್ಕೆ ಮೊದಲು ಉಸಿರಾಡೋದು ಕಲೀತಾರೆ ಟೀಚರ್. ನಿಮಗೆ ಯಾರೂ ಕಲಿಸಲಿಲ್ಲ.’

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಶಿಕ್ಷಕರ ತರಬೇತಿಯಲ್ಲಿ ಮನೋವಿಜ್ಞಾನ, ಬೋಧನಾ ವಿಧಾನ, ಪಾಠಟಿಪ್ಪಣಿ ಎಲ್ಲ ಹೇಳಿಕೊಡುತ್ತೇವೆ. ದಿನವೂ ಬಳಸುವ ದನಿಯನ್ನು ಹೇಗೆ ಬಳಸಬೇಕೆಂಬ ನಾಲ್ಕು ದಿನದ ಪಾಠ ಸೇರಿಸಿದರೆ ಎಷ್ಟೋ ಗಂಟಲು ಉಳಿದಾವು.

ಹತ್ತನೆಯ ವಾರ ಮತ್ತೆ ಗಂಟಲೊಳಗೆ ನೋಡಿದಾಗ ಸಾಸಿವೆ ಗಸಗಸೆಯಾಗಿತ್ತು. ದನಿ ನೂರಕ್ಕೆ ನೂರು ಮರಳಿತು ಎಂದು ನಾನು ಬರೆಯಲಾರೆ. ಮೇಲಿನ ಸ್ಥಾಯಿಯಲ್ಲಿ ಈಗಲೂ ಸ್ವಲ್ಪ ಒಡೆಯುತ್ತದೆ. ಆದರೆ ಅರ್ಜಿಯ ಮಾತು ನಿಂತಿದೆ. ತರಗತಿಯಲ್ಲಿ ಈಗ ಒಂದು ಹಿತ್ತಾಳೆ ಗಂಟೆ, ಸ್ವಂತ ದುಡ್ಡಿನಲ್ಲಿ ಕೊಂಡ ಒಂದು ಪುಟ್ಟ ಮೈಕು ಬಂದಿವೆ. ಮಕ್ಕಳು ಮೊದಮೊದಲು ಮೈಕು ನೋಡಿ ನಗುತ್ತಿದ್ದರಂತೆ, ಈಗ ಅದಕ್ಕೆ ಸೆಲ್ ಹಾಕುವುದಕ್ಕೆ ಪೈಪೋಟಿ.

ಏಪ್ರಿಲ್ 16ನ್ನು ವಿಶ್ವ ಧ್ವನಿ ದಿನವೆಂದು ಆಚರಿಸುತ್ತಾರೆ. 1999ರಲ್ಲಿ ಬ್ರೆಜಿಲ್‌ನಲ್ಲಿ ಶುರುವಾಗಿ ಬೇರೆ ದೇಶಗಳಿಗೆ ಹಬ್ಬಿದ ಆಚರಣೆ ಇದು. ನಮ್ಮಲ್ಲಿ ಆ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ, ಟೀಚರುಗಳಿಗೆ ಬಿಡುವು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಮೂರು ವಾರ ದಾಟಿದ ಒಡಕು ದನಿಯೊಂದು ಇದ್ದರೆ ಅವರನ್ನು ಹತ್ತಿರದ ಗಂಟಲಿನ ವೈದ್ಯರ ಬಳಿಗೆ ಹೊರಡಿಸಿ. ದೂರವೇನಿಲ್ಲವೆಂದಾದರೆ ಮೈಸೂರಿಗೇ ಕರೆದುಕೊಂಡು ಬನ್ನಿ. ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು, ಒಂದು ದಿನ ಪೂರ್ತಿ ಬೇಕಾಗುತ್ತದೆ. ಹಳೆಯ ಚೀಟಿ, ಪರೀಕ್ಷೆಯ ವರದಿಗಳಿದ್ದರೆ ತನ್ನಿ. ಅರಮನೆಯ ದೀಪ ಭಾನುವಾರ ರಾತ್ರಿ ಉರಿಯುತ್ತದೆ, ಅದನ್ನು ಇನ್ನೊಮ್ಮೆ ನೋಡಬಹುದು.